ಇಗ್ನೋ ದೂರಶಿಕ್ಷಣ: ಪುಸ್ತಕಕ್ಕೆ ಫಸ್ಟ್ ಕ್ಲಾಸ್, ಉಸ್ತುವಾರಿಗೆ ಜಸ್ಟ್ ಪಾಸ್

ಇಗ್ನೋಗೆ (ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯ) ಸೇರಬೇಕೆನ್ನುವವರು ಸಾಮಾನ್ಯವಾಗಿ ಮೂರು ವಿಷಯ ವಿಚಾರಿಸುತ್ತಾರೆ. ಫೀಸು ಎಷ್ಟು, ಡಿಗ್ರಿಗೆ ಬೆಲೆ ಇದೆಯಾ, ಪಾಸಾಗೋದು ಸುಲಭಾನಾ. ಮೊದಲ ಎರಡಕ್ಕೆ ಉತ್ತರ ಚಿಕ್ಕದು. ಖಾಸಗಿ ಕಾಲೇಜಿನ ಮುಂದೆ ಫೀಸು ಏನೇನೂ ಅಲ್ಲ. 1985ರಲ್ಲಿ ಸಂಸತ್ತಿನ ಕಾಯ್ದೆಯಿಂದ ಹುಟ್ಟಿದ ಕೇಂದ್ರೀಯ ವಿಶ್ವವಿದ್ಯಾಲಯ ಇದು, ಡಿಗ್ರಿಯ ಬೆಲೆಯ ಬಗ್ಗೆ ತಲೆ ಕೆಡಿಸಿಕೊಳ್ಳಬೇಕಿಲ್ಲ. ಮೂರನೆಯದೇ ಕಷ್ಟದ ಪ್ರಶ್ನೆ. ಈ ವಿಮರ್ಶೆ ಅದರ ಬಗ್ಗೆಯೇ, ಅದರಲ್ಲೂ ಕಲಾ ಮತ್ತು ಸಮಾಜವಿಜ್ಞಾನ ವಿಷಯಗಳ ಬಿಎ, ಎಂಎ ಓದುವವರನ್ನು ಮನಸ್ಸಿನಲ್ಲಿಟ್ಟುಕೊಂಡು.

ಮೊದಲು ಗಂಟೆಗಳ ಲೆಕ್ಕ, ಯಾಕೆಂದರೆ ಎಡವುವುದು ಇಲ್ಲಿಯೇ. ಇಗ್ನೋದಲ್ಲಿ 1 ಕ್ರೆಡಿಟ್ ಎಂದರೆ 30 ಗಂಟೆಯ ಕೆಲಸ. ಓದು, ಅಸೈನ್‌ಮೆಂಟ್, ಕೌನ್ಸೆಲಿಂಗ್ (ಕೇಂದ್ರದಲ್ಲಿ ಶಿಕ್ಷಕರು ಸಂದೇಹ ಬಗೆಹರಿಸುವ) ತರಗತಿ ಎಲ್ಲವೂ ಅದರಲ್ಲೇ ಸೇರಿದೆ. 6 ಕ್ರೆಡಿಟ್‌ನ ಒಂದು ಕೋರ್ಸಿಗೆ 180 ಗಂಟೆ. ಹಳೆಯ ಮೂರು ವರ್ಷದ ಬಿಎಗೆ (ಬಿಎಜಿ) ಒಟ್ಟು 132 ಕ್ರೆಡಿಟ್ ಇತ್ತು, ಅಂದರೆ ವರ್ಷಕ್ಕೆ 44, ಗಂಟೆಗಳಲ್ಲಿ 1,320. ವಾರಕ್ಕೆ ಹಂಚಿದರೆ 25 ಗಂಟೆ, ದಿನಕ್ಕೆ ಮೂರೂವರೆ. ಬೆಳಿಗ್ಗೆ ಎಂಟಕ್ಕೆ ಮನೆ ಬಿಟ್ಟು ರಾತ್ರಿ ಎಂಟಕ್ಕೆ ಮರಳುವವರಿಗೆ ಇದು ಆಗದ ಮಾತು. ಆದರೆ ಸೇರುವಾಗ ಈ ಗುಣಾಕಾರ ಯಾರೂ ಮಾಡುವುದಿಲ್ಲ, ‘ಮನೆಯಲ್ಲೇ ಕೂತು ಓದೋದಲ್ವಾ’ ಅನ್ನುತ್ತಾರೆ. ಇಗ್ನೋ ಇದಕ್ಕೆ ಒಂದು ದಾರಿ ಬಿಟ್ಟಿದೆ: ಮೂರು ವರ್ಷದ ಬಿಎಯನ್ನು ಆರು ವರ್ಷದವರೆಗೆ ಎಳೆಯಬಹುದು. ಜೂನ್, ಡಿಸೆಂಬರ್ ಎರಡೂ ಪರೀಕ್ಷೆಗಳಲ್ಲಿ ಎಷ್ಟು ಪೇಪರ್ ಆಗುತ್ತದೋ ಅಷ್ಟನ್ನೇ ಕಟ್ಟಿ ಬರೆಯಬಹುದು. ಕೆಲಸದಲ್ಲಿರುವವರು ಒಂದು ಸಲಕ್ಕೆ ಎರಡು ಅಥವಾ ಮೂರು ಪೇಪರ್ ಬರೆಯುವುದೇ ಜಾಣತನ. ಎಲ್ಲಕ್ಕೂ ಒಟ್ಟಿಗೆ ಕೈ ಹಾಕಿದವರ ಕಥೆ ಗ್ರೇಡ್ ಕಾರ್ಡಿನಲ್ಲಿ ಖಾಲಿ ಸಾಲುಗಳಾಗಿ ಉಳಿಯುತ್ತದೆ.

ಇನ್ನು ಪುಸ್ತಕ. ಇಗ್ನೋದ ನಿಜವಾದ ಸರಕು ಇದು. ಒಂದು ಕೋರ್ಸನ್ನು ಬ್ಲಾಕ್‌ಗಳಾಗಿ, ಬ್ಲಾಕನ್ನು ಯೂನಿಟ್‌ಗಳಾಗಿ ಒಡೆದಿರುತ್ತಾರೆ. ಯಾವ ಯೂನಿಟ್ ತೆರೆದರೂ ಮೊದಲು ‘ಆಬ್ಜೆಕ್ಟಿವ್ಸ್’, ಅಂದರೆ ಇದನ್ನು ಓದಿದ ಮೇಲೆ ನಿಮಗೆ ಏನೇನು ಹೇಳಲು ಬರಬೇಕು ಎಂಬ ನಾಲ್ಕೈದು ಸಾಲು. ಆಮೇಲೆ ಪೀಠಿಕೆ, ಅಂಕಿ ಹಾಕಿದ ಚಿಕ್ಕ ಚಿಕ್ಕ ಭಾಗಗಳು, ನಡುನಡುವೆ ‘ಚೆಕ್ ಯುವರ್ ಪ್ರೋಗ್ರೆಸ್’ ಎಂಬ ಚೌಕಟ್ಟು, ಕೊನೆಗೆ ಸಾರಾಂಶ, ಮುಖ್ಯ ಪದಗಳು, ಹೆಚ್ಚಿನ ಓದಿಗೆ ಪುಸ್ತಕಗಳು, ಚೌಕಟ್ಟಿನ ಪ್ರಶ್ನೆಗಳಿಗೆ ಉತ್ತರ. ಆ ಚೌಕಟ್ಟಿನಲ್ಲಿ ಎರಡು ಮೂರು ಪ್ರಶ್ನೆ, ಪ್ರತಿ ಪ್ರಶ್ನೆಯ ಕೆಳಗೆ ಬರೆಯಲು ಚುಕ್ಕಿ ಸಾಲುಗಳು. ತರಗತಿಯಲ್ಲಿ ಮೇಷ್ಟ್ರು ಪಾಠ ನಿಲ್ಲಿಸಿ ‘ಎಲ್ಲಿ, ಈಗ ನೀನು ಹೇಳು’ ಅನ್ನುತ್ತಾರಲ್ಲ, ಆ ಕೆಲಸವನ್ನು ಈ ಚುಕ್ಕಿ ಸಾಲುಗಳು ಮಾಡಬೇಕು. ಹಳೇ ಪುಸ್ತಕದ ಅಂಗಡಿಯಲ್ಲಿ ಸಿಗುವ ಇಗ್ನೋ ಬ್ಲಾಕ್‌ಗಳನ್ನು ತಿರುವಿ ನೋಡಿ. ಪುಟದ ತುಂಬ ಹಳದಿ ಹೈಲೈಟರ್ ಹರಿದಿರುತ್ತದೆ, ಚುಕ್ಕಿ ಸಾಲು ಮಾತ್ರ ಖಾಲಿ.

ಹೈಲೈಟ್ ಮಾಡಿ ಎರಡು ಸಲ ಓದಿದರೆ ಆಗುವುದಿಲ್ಲವೇ? ಆದಂತೆ ಅನ್ನಿಸುತ್ತದೆ, ಅದೇ ತೊಂದರೆ. ರೋಡಿಗರ್ ಮತ್ತು ಕಾರ್ಪಿಕೆ ಎಂಬ ಮನಶ್ಶಾಸ್ತ್ರಜ್ಞರು 2006ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ಒಂದು ಗದ್ಯಭಾಗವನ್ನು ಮತ್ತೆ ಮತ್ತೆ ಓದಿದವರು ಐದು ನಿಮಿಷದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಓದಿ, ಮುಚ್ಚಿಟ್ಟು, ನೆನಪಿನಿಂದ ಬರೆದವರು ಒಂದು ವಾರದ ನಂತರದ ಪರೀಕ್ಷೆಯಲ್ಲಿ ಮುಂದಿದ್ದರು. ಇಗ್ನೋ ಪರೀಕ್ಷೆ ಬರುವುದು ಐದು ನಿಮಿಷಕ್ಕಲ್ಲ, ಐದಾರು ತಿಂಗಳಿಗೆ.

ಹಾಗಾಗಿ ಒಂದು ಯೂನಿಟ್ಟನ್ನು ಹೀಗೆ ಓದಿ. ಮೊದಲ ದಿನ ಆಬ್ಜೆಕ್ಟಿವ್ಸ್‌ನ ಪ್ರತಿ ಸಾಲನ್ನೂ ಪ್ರಶ್ನೆಯಾಗಿ ತಿರುಗಿಸಿ ನೋಟ್‌ಬುಕ್ಕಿನ ಎಡಪುಟದಲ್ಲಿ ಬರೆಯಿರಿ. ‘ಹರಪ್ಪ ನಾಗರಿಕತೆಯ ವ್ಯಾಪಾರವನ್ನು ವಿವರಿಸಬಲ್ಲಿರಿ’ ಎಂದಿದ್ದರೆ ‘ಯಾರ ಜೊತೆ, ಏನು, ಗೊತ್ತಾದದ್ದು ಹೇಗೆ’ ಎಂದು ಬರೆದುಕೊಳ್ಳಿ. ಬಲಪುಟ ಖಾಲಿ ಇರಲಿ. ನಂತರ ಮೊದಲ ಚೌಕಟ್ಟು ಬರುವವರೆಗೆ ಓದಿ, ನಿಲ್ಲಿಸಿ, ಪುಸ್ತಕ ಮುಚ್ಚಿ, ಉತ್ತರ ಬರೆಯಿರಿ. ತಪ್ಪಾದರೂ ಪರವಾಗಿಲ್ಲ, ಬರೆಯದೆ ಮುಂದಕ್ಕೆ ಹೋಗಬಾರದು. ಮರುದಿನ ಪುಸ್ತಕ ತೆರೆಯುವ ಮೊದಲೇ ಬಲಪುಟದಲ್ಲಿ ಪ್ರಶ್ನೆಗಳಿಗೆ ತೋಚಿದ್ದನ್ನು ಬರೆದು, ಆಮೇಲೆ ಪುಸ್ತಕ ನೋಡಿ ಬಿಟ್ಟುಹೋದದ್ದನ್ನು ಕೆಂಪು ಶಾಯಿಯಲ್ಲಿ ಸೇರಿಸಿ. ವಾರ ಕಳೆದು ಒಮ್ಮೆ, ತಿಂಗಳ ನಂತರ ಇನ್ನೊಮ್ಮೆ ಕೆಂಪು ಸಾಲುಗಳನ್ನು ಮಾತ್ರ ಪರೀಕ್ಷಿಸಿಕೊಳ್ಳಿ. ಪರೀಕ್ಷೆಯ ಹಿಂದಿನ ವಾರ ಓದಬೇಕಾದದ್ದು ಬ್ಲಾಕ್‌ಗಳನ್ನಲ್ಲ, ಈ ಕೆಂಪು ಸಾಲುಗಳನ್ನು. ಇಷ್ಟೆಲ್ಲಕ್ಕೆ ಯೂನಿಟ್ಟಿಗೆ ಆರೇಳು ಗಂಟೆ ಹಿಡಿಯುತ್ತದೆ. ಕೋರ್ಸಿನಲ್ಲಿ 20 ಯೂನಿಟ್ ಇದೆ ಎಂದಿಟ್ಟುಕೊಂಡರೂ 180 ಗಂಟೆಯಲ್ಲಿ ಅಸೈನ್‌ಮೆಂಟಿಗೂ ಪುನರಾವರ್ತನೆಗೂ ಜಾಗ ಉಳಿಯುತ್ತದೆ.

ಪುಸ್ತಕದ ಒಂದು ದೋಷವನ್ನು ಹೇಳಲೇಬೇಕು. ಎಷ್ಟೋ ಯೂನಿಟ್‌ಗಳ ಕೊನೆಯಲ್ಲಿ ‘ಉತ್ತರ’ ಎಂದು ಕೊಟ್ಟಿರುವುದು ಬರೀ ‘ಭಾಗ 1.3 ನೋಡಿ’ ಎಂಬಂಥ ಒಂದು ಸಾಲು. ಇದು ಉತ್ತರವಲ್ಲ, ವಿಳಾಸ. ನಾವು ಬರೆದದ್ದರಲ್ಲಿ ಏನು ಕಡಿಮೆಯಾಯಿತೆಂದು ಅದರಿಂದ ತಿಳಿಯುವುದಿಲ್ಲ. ಆ ಭಾಗಕ್ಕೆ ಹೋಗಿ ಮುಖ್ಯ ಅಂಶಗಳನ್ನು ಎಣಿಸಿ, ಐದರಲ್ಲಿ ಎಷ್ಟು ನಮ್ಮ ಉತ್ತರದಲ್ಲಿವೆ ಎಂದು ನಾವೇ ಅಂಕ ಹಾಕಿಕೊಳ್ಳಬೇಕು. ಬೇಸರದ ಕೆಲಸ, ಆದರೆ ಬೇರೆ ದಾರಿಯಿಲ್ಲ.

ಅಸೈನ್‌ಮೆಂಟ್‌ಗೆ ಬರೋಣ. ಬಹುಪಾಲು ಕೋರ್ಸುಗಳಲ್ಲಿ ಇದಕ್ಕೆ 30 ಶೇಕಡಾ, ಟರ್ಮ್ ಎಂಡ್ ಪರೀಕ್ಷೆಗೆ 70. ಬಿಎ ಇತಿಹಾಸ, ರಾಜ್ಯಶಾಸ್ತ್ರದ ಪ್ರಶ್ನೆಗಳು ಸಾಮಾನ್ಯವಾಗಿ ಮೂರು ಅಳತೆಯಲ್ಲಿ ಬರುತ್ತವೆ: 500 ಪದದ ಎರಡು, 250 ಪದದ ಮೂರು, 100 ಪದದ ಐದು. ಮೂರೂ ಬೇರೆ ಬೇರೆ ಕೌಶಲ. ಆದರೆ ಇವತ್ತು ಅಸೈನ್‌ಮೆಂಟ್ ಅನ್ನುವುದೇ ಒಂದು ಮಾರುಕಟ್ಟೆ. ವಾಟ್ಸಾಪಿನಲ್ಲಿ ‘ಸಾಲ್ವ್ಡ್ ಅಸೈನ್‌ಮೆಂಟ್’ ಪಿಡಿಎಫ್ ಬರುತ್ತದೆ, ದುಡ್ಡು ಕೊಟ್ಟರೆ ಕೈಬರಹದಲ್ಲೇ ಬರೆದುಕೊಡುವವರೂ ಇದ್ದಾರೆ. ನಕಲು ಮಾಡಿದರೆ ಸಿಕ್ಕಿಬೀಳುವ ಭಯ ಒಂದು ಕಡೆ ಇರಲಿ, ಲೆಕ್ಕವನ್ನೇ ನೋಡಿ. ಅಸೈನ್‌ಮೆಂಟಿನಲ್ಲೂ ಪರೀಕ್ಷೆಯಲ್ಲೂ ಬೇರೆ ಬೇರೆಯಾಗಿಯೇ ಪಾಸಾಗಬೇಕು, ಎಂಎಯಲ್ಲಿ ಎರಡಕ್ಕೂ 40 ಶೇಕಡಾ. ನಕಲಿನಿಂದ 80 ಬಂದು ಪರೀಕ್ಷೆಯಲ್ಲಿ 32 ಬಂದರೆ ಆ 80 ಕೈಹಿಡಿಯುವುದಿಲ್ಲ. ಅಸೈನ್‌ಮೆಂಟಿನ ಅಂಕ ಮುಂದಕ್ಕೆ ಉಳಿಯುತ್ತದೆ, ಪರೀಕ್ಷೆಯನ್ನು ಮತ್ತೆ ಬರೆಯಲೇಬೇಕು.

ಇಗ್ನೋದ ಮಟ್ಟಿಗೆ ನಮ್ಮ ದೊಡ್ಡ ಆಕ್ಷೇಪವೂ ಇಲ್ಲಿಯೇ ಇದೆ. ಇದರ ಹೆಸರೇ ಟ್ಯೂಟರ್ ಮಾರ್ಕ್ಡ್ ಅಸೈನ್‌ಮೆಂಟ್. ತಿದ್ದಿದವರು ಅಂಚಿನಲ್ಲಿ ಟಿಪ್ಪಣಿ ಬರೆದು ಹಿಂದಿರುಗಿಸಬೇಕು, ವಿದ್ಯಾರ್ಥಿ ಅದನ್ನು ನೋಡಿ ಮುಂದಿನ ಉತ್ತರ ಸುಧಾರಿಸಬೇಕು ಎಂಬುದು ವ್ಯವಸ್ಥೆಯ ಆಶಯ. ನಡೆಯುವುದು ಹಾಗಲ್ಲ. ಎಲ್ಲೋ ಕೆಲವು ಕೇಂದ್ರಗಳನ್ನು ಬಿಟ್ಟರೆ ಟಿಪ್ಪಣಿ ಸಿಗುವುದಿಲ್ಲ, ತಿಂಗಳುಗಳ ನಂತರ ಗ್ರೇಡ್ ಕಾರ್ಡಿನಲ್ಲಿ ಒಂದು ಅಂಕಿ ಮೂಡುತ್ತದೆ. ಆ ಕೊರತೆಯನ್ನು ಒಬ್ಬ ಜೊತೆಗಾರನಿಂದ ತುಂಬಿಕೊಳ್ಳಬಹುದು. ಅದೇ ಕೋರ್ಸ್ ತೆಗೆದುಕೊಂಡ ಇನ್ನೊಬ್ಬರನ್ನು ಹುಡುಕಿ, 500 ಪದದ ಒಂದು ಉತ್ತರವನ್ನು ಇಬ್ಬರೂ ಬರೆದು ಅದಲುಬದಲು ಮಾಡಿಕೊಳ್ಳಿ. ಪ್ರಶ್ನೆ ಕೇಳಿದ್ದಕ್ಕೆ ಉತ್ತರವಿದೆಯೇ, ಉದಾಹರಣೆ ಇದೆಯೇ, ಬ್ಲಾಕಿನ ಸಾಲನ್ನು ಹಾಗೆಯೇ ಇಳಿಸಲಾಗಿದೆಯೇ ಎಂಬ ಮೂರನ್ನು ಮಾತ್ರ ನೋಡಿ. ಇಪ್ಪತ್ತು ಜನರ ಗ್ರೂಪ್ ಬೇಡ, ಅಲ್ಲಿ ‘ಲಾಸ್ಟ್ ಡೇಟ್ ಯಾವಾಗ’ ಬಿಟ್ಟು ಬೇರೆ ಮಾತು ನಡೆಯುವುದಿಲ್ಲ.

ಪರೀಕ್ಷೆ ಕೈಕೊಡುವುದು ಬಹಳ ಸಲ ವಿಷಯ ಗೊತ್ತಿಲ್ಲದ್ದಕ್ಕಲ್ಲ, ಕೈ ಸೋತದ್ದಕ್ಕೆ. ಮೂರು ಗಂಟೆಯಲ್ಲಿ 20 ಅಂಕದ ಐದು ಪ್ರಶ್ನೆ ಎಂದರೆ ಒಂದಕ್ಕೆ 36 ನಿಮಿಷ. ಅಷ್ಟರಲ್ಲಿ ಯೋಚಿಸಿ 500 ಪದ ಬರೆಯಬೇಕು. ವರ್ಷವಿಡೀ ಮೊಬೈಲಿನಲ್ಲಿ ಟೈಪ್ ಮಾಡಿದ ಬೆರಳು ಮೂರನೇ ಪ್ರಶ್ನೆಗೇ ನೋಯಲು ಶುರುವಾಗುತ್ತದೆ, ಕೊನೆಯ ಉತ್ತರ ಮುಕ್ಕಾಲು ಪುಟಕ್ಕೆ ನಿಂತುಬಿಡುತ್ತದೆ. ಹಳೆಯ ಪ್ರಶ್ನೆಪತ್ರಿಕೆಗಳು ಇಗ್ನೋ ವೆಬ್‌ಸೈಟಿನಲ್ಲಿ ಉಚಿತವಾಗಿ ಸಿಗುತ್ತವೆ. ಪರೀಕ್ಷೆಗೆ ಎರಡು ತಿಂಗಳು ಇರುವಾಗಿನಿಂದ ವಾರಕ್ಕೆರಡು ಉತ್ತರವನ್ನು 35 ನಿಮಿಷಕ್ಕೆ ಅಲಾರಂ ಇಟ್ಟು ಪೆನ್ನಿನಲ್ಲೇ ಬರೆಯಿರಿ. ಕೊನೆಯ ಎರಡು ವಾರದಲ್ಲಿ ಒಂದಾದರೂ ಪೂರ್ತಿ ಪೇಪರ್ ಒಂದೇ ಸಲ ಕೂತು ಬರೆದದ್ದಾಗಲಿ.

ಕನ್ನಡ ಮಾಧ್ಯಮದಿಂದ ಬಂದವರು ಸೇರುವ ಮುನ್ನ ಇದನ್ನು ಗಮನಿಸಬೇಕು: ಇಗ್ನೋದ ಹೆಚ್ಚಿನ ಕೋರ್ಸುಗಳ ಪುಸ್ತಕ ಇಂಗ್ಲಿಷ್ ಮತ್ತು ಹಿಂದಿಯಲ್ಲಿವೆ, ಪರೀಕ್ಷೆಯೂ ಅದರಲ್ಲೇ. ಕನ್ನಡದಲ್ಲೇ ಬಿಎ, ಎಂಎ ಬರೆಯಬೇಕೆಂದರೆ ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯದ ಕಡೆ ನೋಡುವುದು ಸರಿ. ಮೈಸೂರು ವಿಶ್ವವಿದ್ಯಾಲಯದ ಅಂಚೆ ತೆರಪಿನ ಶಿಕ್ಷಣವೇ 1996ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಯಿತು. ಇಗ್ನೋದಲ್ಲೇ ಓದುವುದಾದರೆ ವಿಷಯವನ್ನು ಕನ್ನಡದಲ್ಲಿ ಅರ್ಥಮಾಡಿಕೊಳ್ಳಿ, ಆದರೆ ಮೊದಲ ದಿನದಿಂದಲೇ ಉತ್ತರವನ್ನು ಇಂಗ್ಲಿಷಿನಲ್ಲಿ ಬರೆಯಿರಿ. ಪರೀಕ್ಷೆ ಹತ್ತಿರ ಬಂದಾಗ ಅನುವಾದ ಮಾಡಿಕೊಳ್ಳೋಣ ಎಂದುಕೊಂಡರೆ 36 ನಿಮಿಷ ಸಾಲುವುದಿಲ್ಲ.

ಕೌನ್ಸೆಲಿಂಗ್ ತರಗತಿಗಳು ಹೆಚ್ಚಾಗಿ ವಾರಾಂತ್ಯದಲ್ಲಿ ನಡೆಯುತ್ತವೆ, ಥಿಯರಿ ಕೋರ್ಸುಗಳಿಗೆ ಹಾಜರಾತಿ ಕಡ್ಡಾಯವಿಲ್ಲ. ಪಾಠ ಕೇಳಲು ಹೋದರೆ ನಿರಾಸೆ, ಪ್ರಶ್ನೆ ಬರೆದುಕೊಂಡು ಹೋದರೆ ಲಾಭ. ಪುಸ್ತಕ ಅಂಚೆಯಲ್ಲಿ ತಡವಾದರೆ ಕಾಯಬೇಡಿ, ಇಗ್ನೋದ ಆನ್‌ಲೈನ್ ಭಂಡಾರವಾದ ಇ-ಜ್ಞಾನಕೋಶದಲ್ಲಿ ಅದೇ ಬ್ಲಾಕ್‌ಗಳ ಪಿಡಿಎಫ್ ಉಚಿತ. ಪ್ರವೇಶದ ವೇಳೆ ಡಿಜಿಟಲ್ ಪುಸ್ತಕ ಸಾಕು ಎಂದು ಆರಿಸಿದರೆ ಫೀಸಿನಲ್ಲಿ ರಿಯಾಯಿತಿ ಕೊಡುತ್ತಾರೆ. ಫೋನಿನಲ್ಲಿ ಓದಿ ಅಭ್ಯಾಸವಿಲ್ಲದವರು ಆ ಆಸೆಗೆ ಬೀಳದಿರುವುದೇ ಒಳ್ಳೆಯದು.

ಒಂದು ಹೋಲಿಕೆ. ಐಐಟಿಗಳು ಮತ್ತು ಬೆಂಗಳೂರಿನ ಐಐಎಸ್‌ಸಿ ಸೇರಿ ಆನ್‌ಲೈನಿನಲ್ಲಿ ನಡೆಸುವ ಎನ್‌ಪಿಟಿಇಎಲ್ ಕೋರ್ಸುಗಳಲ್ಲಿ ಪ್ರತಿ ವಾರವೂ ಅಸೈನ್‌ಮೆಂಟಿನ ಗಡುವು ಇರುತ್ತದೆ. 12 ವಾರದ ಕೋರ್ಸಿನಲ್ಲಿ ಉತ್ತಮ 8 ವಾರದ ಅಂಕಗಳನ್ನು ಮಾತ್ರ ಲೆಕ್ಕಕ್ಕೆ ಹಿಡಿಯುತ್ತಾರೆ. ನಾಲ್ಕು ವಾರ ತಪ್ಪಿದರೂ ಕ್ಷಮೆ ಇದೆ, ಆದರೆ ತಿಂಗಳುಗಟ್ಟಲೆ ಪುಸ್ತಕ ಮುಚ್ಚಿಡಲು ಬಿಡುವುದಿಲ್ಲ. ಇಗ್ನೋದಲ್ಲಿ ಪ್ರವೇಶದಿಂದ ಅಸೈನ್‌ಮೆಂಟ್ ಗಡುವಿನವರೆಗೆ ಯಾರೂ ಬಾಗಿಲು ತಟ್ಟುವುದಿಲ್ಲ, ಆ ಗಡುವನ್ನೂ ಮುಂದಕ್ಕೆ ಹಾಕುವುದು ವಾಡಿಕೆಯಾಗಿಬಿಟ್ಟಿದೆ. ವಿಸ್ತರಣೆಯನ್ನು ನಂಬಿ ಕೂತವರಿಗೆ ಬರವಣಿಗೆಯೂ ಪರೀಕ್ಷೆಯ ತಯಾರಿಯೂ ಒಂದೇ ತಿಂಗಳಿಗೆ ಬಂದು ಬೀಳುತ್ತವೆ. ಎನ್‌ಪಿಟಿಇಎಲ್‌ನ ಪದ್ಧತಿಯನ್ನು ಎರವಲು ತನ್ನಿ: ಪ್ರಶ್ನೆಗಳು ವೆಬ್‌ಸೈಟಿಗೆ ಬಂದ ದಿನವೇ ಯಾವ ಪ್ರಶ್ನೆ ಯಾವ ಯೂನಿಟ್ಟಿನದು ಎಂದು ಗುರುತಿಸಿ, ಆ ಯೂನಿಟ್ ಓದಿದ ವಾರವೇ ಅದನ್ನು ಬರೆದು ಮುಗಿಸಿ.

ಕಾಗದಪತ್ರದ ಕಡೆ ಗಮನ ತಪ್ಪಿದರೆ ಓದಿದ್ದೂ ನೀರಿನಲ್ಲಿ ಹೋಮ. ಅಸೈನ್‌ಮೆಂಟ್ ಪ್ರಶ್ನೆಗಳು ಪ್ರವೇಶದ ಅವಧಿಗೆ ತಕ್ಕಂತೆ ಬದಲಾಗುತ್ತವೆ, ಹಳೆಯದಕ್ಕೆ ಉತ್ತರ ಬರೆದರೆ ತಿರಸ್ಕಾರ ಖಚಿತ. ಮೊದಲ ಪುಟದಲ್ಲಿ ಎನ್‌ರೋಲ್‌ಮೆಂಟ್ ಸಂಖ್ಯೆ, ಕೋರ್ಸ್ ಕೋಡ್, ಸ್ಟಡಿ ಸೆಂಟರ್ ಕೋಡ್ ಇರಬೇಕು. ಸಲ್ಲಿಸುವ ಮೊದಲು ಎಲ್ಲ ಪುಟದ ಫೋಟೋ, ಸಲ್ಲಿಸಿದ ಮೇಲೆ ಸ್ವೀಕೃತಿ. ಅಂಕ ಗ್ರೇಡ್ ಕಾರ್ಡಿಗೆ ಏರದಿದ್ದರೆ ಸ್ಟಡಿ ಸೆಂಟರಿನಲ್ಲಿ ಮಾತು ಶುರುವಾಗುವುದೇ ಆ ಸ್ವೀಕೃತಿಯಿಂದ. ಮುಂದಿನ ವರ್ಷದ ರೀ-ರಿಜಿಸ್ಟ್ರೇಷನ್ ಬೇರೆ, ಪರೀಕ್ಷೆಯ ಫಾರಂ ಬೇರೆ, ಪರೀಕ್ಷೆಯ ಶುಲ್ಕವೂ ಬೇರೆ. ಒಂದು ಕಟ್ಟಿದರೆ ಇನ್ನೊಂದು ತಾನಾಗಿ ಆಗುವುದಿಲ್ಲ. ಪ್ರಾಕ್ಟಿಕಲ್ ಇರುವ ವಿಷಯ ಆರಿಸುವವರು ಅದರ ಹಾಜರಾತಿ ಕಡ್ಡಾಯವೆಂದು ತಿಳಿದು, ಆ ಸೌಲಭ್ಯ ಇರುವ ಕೇಂದ್ರ ನಿಮ್ಮೂರಿನಿಂದ ಎಷ್ಟು ದೂರ ಎಂದು ಬೆಂಗಳೂರು ಅಥವಾ ವಿಜಯಪುರದ ಪ್ರಾದೇಶಿಕ ಕೇಂದ್ರದಲ್ಲಿ ಕೇಳಿಯೇ ಫೀಸು ಕಟ್ಟಿ.