ನಾಗಸಂದ್ರದ ಐಕಿಯಾ: ಹೊಸ ಫ್ಲ್ಯಾಟಿಗೆ ಅಲ್ಲಿಂದ ಏನು ತರಬಹುದು, ಏನು ಬೇಡ

ತೀರ್ಪನ್ನು ಮೊದಲೇ ಹೇಳಿಬಿಡುತ್ತೇವೆ. ನೀರು ತಾಗದ, ಎತ್ತಿ ಬೇರೆ ಕಡೆ ಇಡಬಹುದಾದ ಬಿಡಿ ಸಾಮಾನಿಗೆ ಬೆಂಗಳೂರಿನ ನಾಗಸಂದ್ರದಲ್ಲಿರುವ ಐಕಿಯಾ, ಅಂದರೆ ಬಿಡಿ ಹಲಗೆಗಳನ್ನು ನಾವೇ ಜೋಡಿಸಿಕೊಳ್ಳುವ ಪೀಠೋಪಕರಣ ಮಾರುವ ಸ್ವೀಡನ್ ಮೂಲದ ಕಂಪನಿಯದು, ಒಳ್ಳೆಯ ಅಂಗಡಿ. ಅಡುಗೆಮನೆಯ ಕಪಾಟು, ಗೋಡೆಯುದ್ದದ ವಾರ್ಡ್‌ರೋಬ್, ದೇವರ ಮನೆ ಇವಕ್ಕೆ ಅಲ್ಲಿ ಕೈಹಾಕುವ ಮೊದಲು ಲೆಕ್ಕ ಹಾಕಬೇಕು. ಗೃಹಸಾಲದ ಮುಂಗಡ, ನೋಂದಣಿ ಖರ್ಚು, ಅಸೋಸಿಯೇಷನ್ ಠೇವಣಿ ಎಲ್ಲ ಕಟ್ಟಿದ ಮೇಲೆ ಕೈಯಲ್ಲಿ ಎರಡೂವರೆ ಲಕ್ಷದಷ್ಟು ಉಳಿದಿರುವ ಎರಡು ಬೆಡ್‌ರೂಮಿನವರನ್ನು ಮನಸ್ಸಿನಲ್ಲಿಟ್ಟು ಇದನ್ನು ಬರೆದಿದೆ. ಅವರು ಅರ್ಧಕ್ಕಿಂತ ಹೆಚ್ಚು ದುಡ್ಡನ್ನು ಅಡುಗೆಮನೆ, ವಾರ್ಡ್‌ರೋಬಿಗೆ ಬಡಗಿಯ ಕಡೆ ಎತ್ತಿಟ್ಟು, ಉಳಿದದ್ದನ್ನು ಮಾತ್ರ ಹಿಡಿದು ನಾಗಸಂದ್ರಕ್ಕೆ ಹೋಗುವುದು ಲೇಸು.

ಅಂಗಡಿ ತೆರೆದದ್ದು 2022ರ ಜೂನ್ 22ರಂದು. ವಿಸ್ತಾರ ಸುಮಾರು 4.6 ಲಕ್ಷ ಚದರಡಿ. ಹಸಿರು ಮಾರ್ಗದ ನಾಗಸಂದ್ರ ಮೆಟ್ರೋ ನಿಲ್ದಾಣಕ್ಕೆ ಅಂಟಿಕೊಂಡೇ ಇರುವುದರಿಂದ ಬರೀ ನೋಡಿಬರಲು ಗಾಡಿ ಬೇಕಿಲ್ಲ. ಶನಿವಾರ, ಭಾನುವಾರ ತುಮಕೂರು ರಸ್ತೆಯ ಟ್ರಾಫಿಕ್ಕೂ ಬಿಲ್ಲಿಂಗಿನ ಸಾಲೂ ಸೇರಿ ದಿನ ಕಳೆದೇ ಹೋಗುತ್ತದೆ. ವಾರದ ನಡುವೆ ಬೆಳಿಗ್ಗೆಯೇ ಹೋಗಿ. ಮೊದಲು ಜೋಡಿಸಿಟ್ಟ ಕೋಣೆಗಳ ಪ್ರದರ್ಶನ, ಆಮೇಲೆ ಪಾತ್ರೆ, ಪರದೆ, ದೀಪದಂಥ ಸಣ್ಣ ಸಾಮಾನು, ಕೊನೆಗೆ ಗೋದಾಮು. ಪ್ರದರ್ಶನದಲ್ಲಿ ಇಷ್ಟವಾದದ್ದರ ಬೆಲೆಚೀಟಿಯ ಫೋಟೋ ತೆಗೆದಿಟ್ಟುಕೊಳ್ಳಿ. ಗೋದಾಮಿನ ಯಾವ ಸಾಲು, ಯಾವ ಅಂಕಣ ಎಂಬುದು ಅದರಲ್ಲೇ ಇರುತ್ತದೆ. ಪೆಟ್ಟಿಗೆ ಇಳಿಸಿಕೊಳ್ಳುವ ಕೆಲಸ ನಿಮ್ಮದು. ಬಜೆಟ್ ಕೈಮೀರುವುದು ಸೋಫಾದಲ್ಲಲ್ಲ, ನಡುವಿನ ಸಣ್ಣ ಸಾಮಾನಿನಲ್ಲಿ: ಮೇಣದಬತ್ತಿ, ಫೋಟೋ ಫ್ರೇಮು, ಪ್ಲಾಸ್ಟಿಕ್ ಗಿಡ, ಗಾಜಿನ ಜಾಡಿ. ಅಟ್ಟದ ತುಂಬ ಸ್ಟೀಲ್ ಡಬ್ಬಿ ಇರುವ ಮನೆಗೆ ಹದಿನೈದು ಗಾಜಿನ ಜಾಡಿ ಏತಕ್ಕೆ?

ಇನ್ನು ಹಲಗೆಯ ವಿಚಾರ. ಎಲ್ಲ ಲೆಕ್ಕವೂ ಇದರ ಮೇಲೇ ನಿಂತಿದೆ. ಅಗ್ಗದ ಸಾಮಾನಿನ ಒಳಗೆ ಹೆಚ್ಚಾಗಿ ಇರುವುದು ಪಾರ್ಟಿಕಲ್ ಬೋರ್ಡ್, ಅಂದರೆ ಮರದ ಚೂರುಗಳನ್ನು ಅಂಟು ಬೆರೆಸಿ ಒತ್ತಿದ ಹಲಗೆ. ಮೇಲೆ ಕಾಗದದ್ದೋ ಮೆಲಮೈನಿನದ್ದೋ ತೆಳು ಹೊದಿಕೆ. ಲ್ಯಾಕ್ ಎಂಬ ಹೆಸರಿನ 55 ಸೆಂ.ಮೀ. ಚೌಕದ ಟೀಪಾಯಿಯ ಹೊಟ್ಟೆಯಲ್ಲಿರುವುದಂತೂ ಜೇನುಗೂಡಿನ ಆಕಾರದ ಕಾಗದ. ಇದರಲ್ಲಿ ಮೋಸವೇನಿಲ್ಲ, ವಿವರದಲ್ಲೇ ಬರೆದಿರುತ್ತಾರೆ, ಬೆಲೆಯೂ ಅದಕ್ಕೆ ತಕ್ಕಂತೆಯೇ ಇರುತ್ತದೆ. ಒಣ ಜಾಗದಲ್ಲಿ ಪಾರ್ಟಿಕಲ್ ಬೋರ್ಡು ವರ್ಷಗಟ್ಟಲೆ ಬಾಳುತ್ತದೆ. ತೊಂದರೆ ಎಂದರೆ ನಮ್ಮ ಮನೆಗಳ ನೆಲ ಒಣಗಿರುವುದಿಲ್ಲ. ದಿನಾ ಬೆಳಿಗ್ಗೆ ಒದ್ದೆ ಬಟ್ಟೆಯಲ್ಲಿ ಒರೆಸುತ್ತೇವೆ, ಹಬ್ಬಕ್ಕೆ ಬಕೆಟ್‌ಗಟ್ಟಲೆ ನೀರು ಹಾಕಿ ತೊಳೆಯುತ್ತೇವೆ. ಕಪಾಟಿನ ಬುಡದ ಅಂಚಿಗೆ ಹೊದಿಕೆ ಇರುವುದಿಲ್ಲ, ಇದ್ದರೂ ಸಂದಿ ಇರುತ್ತದೆ. ನೀರು ಅಲ್ಲಿಂದ ಹೀರಿಕೊಂಡು ಮೇಲೇರುತ್ತದೆ, ಒತ್ತಿ ಕೂರಿಸಿದ ಚೂರುಗಳು ಉಬ್ಬುತ್ತವೆ. ಒಮ್ಮೆ ಉಬ್ಬಿದ್ದು ಒಣಗಿದರೂ ಕೆಳಗಿಳಿಯುವುದಿಲ್ಲ, ಏಕೆಂದರೆ ಅಂಟಿನ ಹಿಡಿತವೇ ಬಿಟ್ಟಿರುತ್ತದೆ.

ಪರಿಹಾರ ಅಗ್ಗದ್ದೇ. ನೆಲದಿಂದ ಒಂದು ಅಂಗೈಯಷ್ಟಾದರೂ ಎತ್ತರದ ಕಾಲಿರುವ ಮಾದರಿಯನ್ನೇ ಆರಿಸಿ. ಬುಡ ನೆಲಕ್ಕೇ ಕೂರುವಂಥದ್ದಾದರೆ ಜೋಡಿಸುವ ಮೊದಲೇ, ಹಲಗೆಗಳು ಬಿಡಿಯಾಗಿ ಇರುವಾಗಲೇ, ಕೆಳಗಿನ ಅಂಚಿಗೆ ಪಾರದರ್ಶಕ ಸಿಲಿಕೋನ್ ಬಳಿದು ಒಂದು ರಾತ್ರಿ ಒಣಗಲು ಬಿಡಿ. ಮೂಲೆಗಳ ಕೆಳಗೆ ಗಟ್ಟಿ ರಬ್ಬರ್ ಬುಷ್ ಕೊಟ್ಟು ನಾಲ್ಕೈದು ಮಿಲಿಮೀಟರ್ ಎತ್ತಿದರೂ ಸಾಕು. ಬುಷ್ ನಾಲ್ಕೂ ಒಂದೇ ದಪ್ಪದ್ದಿರಲಿ. ಇಲ್ಲದಿದ್ದರೆ ಬಾಗಿಲು ಸೊಟ್ಟಗಾಗುತ್ತದೆ. ನೆಲ ಒರೆಸಲು ಬರುವವರಿಗೆ ಕಪಾಟಿನ ಬುಡದಲ್ಲಿ ಬಟ್ಟೆ ಚೆನ್ನಾಗಿ ಹಿಂಡಿಕೊಳ್ಳಲು ಹೇಳಿ.

ಕೊಳ್ಳಬಹುದಾದವುಗಳಲ್ಲಿ ಮೊದಲನೆಯದು ಬಿಲ್ಲಿ ಎಂಬ ಮಾದರಿಯ ಪುಸ್ತಕದ ಕಪಾಟು. 80 ಸೆಂ.ಮೀ. ಅಗಲ, 28 ಆಳ, 202 ಎತ್ತರ. ಒಂದು ತಟ್ಟೆಗೆ 30 ಕೆ.ಜಿ. ಮಿತಿ. ನಿಘಂಟು, ಸಂಪುಟಗಳು ಇರುವವರು 40 ಸೆಂ.ಮೀ. ಅಗಲದ್ದನ್ನು ಎರಡು ತನ್ನಿ, ತಟ್ಟೆ ನಡುವೆ ಬಾಗುವುದಿಲ್ಲ. ಎರಡನೆಯದು ಕ್ಯಾಲಕ್ಸ್ ಕಪಾಟು, 33 ಸೆಂ.ಮೀ. ಚೌಕದ ಗೂಡುಗಳದ್ದು, ಅಡ್ಡ ಮಲಗಿಸಿದರೆ ಟಿವಿ ಇಡಲೂ ಆಗುತ್ತದೆ. ಸೋಫಾಗಳಲ್ಲಿ 180 ಸೆಂ.ಮೀ.ನ ಕ್ಲಿಪ್ಪನ್ ಸಣ್ಣ ಹಾಲಿಗೆ ಹೇಳಿಮಾಡಿಸಿದಂತಿದೆ. ಅದರ ಮುಖ್ಯ ಗುಣ ಹೊದಿಕೆ ಬಿಚ್ಚಿ ವಾಷಿಂಗ್ ಮಷಿನ್‌ಗೆ ಹಾಕಬಹುದು ಎಂಬುದು. ಸ್ಥಳೀಯ ಅಂಗಡಿಯಲ್ಲೇ ಸೋಫಾ ಮಾಡಿಸುವವರು ಫೋಮಿನ ಡೆನ್ಸಿಟಿ (ಒಂದು ಘನ ಮೀಟರಿಗೆ ಎಷ್ಟು ಕೆ.ಜಿ. ಎಂಬ ಸಾಂದ್ರತೆ) ಬಿಲ್ಲಿನಲ್ಲಿ ಬರೆಸಿಕೊಳ್ಳಿ. ಕೂರುವ ಭಾಗಕ್ಕೆ 40 ಕೇಳಿ, ಬೆನ್ನಿಗೆ 32 ಸಾಕು. ಬಾಯಿಮಾತಲ್ಲಿ ಎಲ್ಲವೂ 40ರದ್ದೇ.

ಮಂಚದಲ್ಲಿ ಜನ ಎಡವುವುದು ಅಳತೆಯಲ್ಲಿ. ನಮ್ಮಲ್ಲಿ ಹಾಸಿಗೆ ಮಾರುವುದು ಇಂಚಿನಲ್ಲಿ: ಕ್ವೀನ್ 78x60, ಅಂದರೆ ಸುಮಾರು 198x152 ಸೆಂ.ಮೀ.; ಕಿಂಗ್ 78x72, ಅಂದರೆ 198x183. ಐಕಿಯಾದ ಮಂಚಗಳ ಅಳತೆ ಸೆಂಟಿಮೀಟರಿನಲ್ಲಿ. 180 ಅಗಲದ ಚೌಕಟ್ಟಿಗೆ 183ರ ಸ್ಪ್ರಿಂಗ್ ಹಾಸಿಗೆ ಕೂರುವುದಿಲ್ಲ, ಅಂಚು ಎದ್ದು ನಿಲ್ಲುತ್ತದೆ. 160ರದ್ದಕ್ಕೆ 152ರದ್ದು ಹಾಕಿದರೆ 8 ಸೆಂ.ಮೀ. ಸಂದಿ, ಮೊಬೈಲು ಬೀಳಲು ಸಾಕು. ಮನೆಯಲ್ಲಿ ಹಾಸಿಗೆ ಆಗಲೇ ಇದ್ದರೆ ಮಂಚವನ್ನು ಅದರ ಅಳತೆಗೆ ನೋಡಿ. ಇಲ್ಲದಿದ್ದರೆ ಎರಡನ್ನೂ ಒಂದೇ ಕಡೆ ಕೊಳ್ಳಿ.

ಪರದೆಯದ್ದೂ ಹೀಗೇ. ಚಿಕ್ಕಪೇಟೆಯ ಸಿದ್ಧ ಪರದೆಗಳು 5, 7, 9 ಅಡಿ. ಐಕಿಯಾದ 250 ಸೆಂ.ಮೀ. ಪರದೆ ನಿಮ್ಮ ಏಳಡಿ ಬಾಗಿಲಿಗೆ ಒಂದಡಿಗೂ ಹೆಚ್ಚು ಉದ್ದ. ದರ್ಜಿಯ ಹತ್ತಿರ ಮಡಿಸಿ ಹೊಲಿಸಬೇಕು, ಅದೂ ಒಂದು ಸಲ ಒಗೆದ ಮೇಲೆ, ಇಲ್ಲವಾದರೆ ಕುಗ್ಗಿ ಗಿಡ್ಡವಾಗುತ್ತದೆ. ಮಲಗುವ ಕೋಣೆಗೆ ದಪ್ಪ ಪರದೆ ಅಲ್ಲಿಂದ ತರಬಹುದು. ಉಳಿದ ಕಿಟಕಿಗಳಿಗೆ ಚಿಕ್ಕಪೇಟೆಯೇ ಅಗ್ಗ. ದೀಪ ಕೊಳ್ಳುವಾಗ ಹೋಲ್ಡರ್ ನೋಡಿ. ನಮ್ಮ ಮನೆಗಳದ್ದು ಹೆಚ್ಚಾಗಿ ಎರಡು ಪಿನ್ನಿನ ಬಿ22, ಅಲ್ಲಿನ ದೀಪಗಳಲ್ಲಿ ಬಹಳಷ್ಟು ತಿರುಪಿನ ಇ27. ಬಲ್ಬನ್ನೂ ಜೊತೆಗೇ ತನ್ನಿ, ಇಲ್ಲವೇ ಎಲೆಕ್ಟ್ರಿಕಲ್ ಅಂಗಡಿಯಲ್ಲಿ ಅಡಾಪ್ಟರ್ ಕೇಳಿ.

ಜೋಡಣೆಗೆ ದುಡ್ಡು ಕೊಟ್ಟು ಅವರ ಜನವನ್ನೇ ಕರೆಸಬಹುದು. ಎರಡು ಕೈ, ಒಂದು ಸ್ಕ್ರೂಡ್ರೈವರ್ ಇದ್ದವರಿಗೆ ಬಿಲ್ಲಿ, ಲ್ಯಾಕ್‌ನಂಥವಕ್ಕೆ ಅದು ಬೇಡ. ಎಚ್ಚರ ವಹಿಸಬೇಕಾದ ಕಡೆ ಮೂರು. ಎರಡು ಹಲಗೆಗಳನ್ನು ಕೂಡಿಸಲು ತಿರುಗಿಸಿ ಬಿಗಿಯುವ ಗುಂಡನೆಯ ಕ್ಯಾಮ್ ಲಾಕನ್ನು ಅದು ತಾನಾಗಿ ನಿಂತಲ್ಲಿಗೆ ಬಿಟ್ಟುಬಿಡಿ. ಪವರ್ ಡ್ರಿಲ್ ಹಿಡಿದು ಬಿಗಿಯಲು ಹೋದರೆ ಹಲಗೆಯ ತೂತು ಪುಡಿಯಾಗುತ್ತದೆ, ಆಮೇಲೆ ಏನು ಮಾಡಿದರೂ ಹಿಡಿಯುವುದಿಲ್ಲ. ಹಿಂದಿನ ತೆಳು ಹಲಗೆಗೆ ಮೊಳೆ ಹೊಡೆಯುವ ಮೊದಲು ಚೌಕಟ್ಟಿನ ಎರಡೂ ಕರ್ಣ ಅಳೆಯಿರಿ. ಎರಡೂ ಸಮವಿದ್ದರೆ ಮಾತ್ರ ಹೊಡೆಯಿರಿ. ಬಾಗಿಲು ಮುಚ್ಚದಿರುವ ದೂರಿಗೆ ಕಾರಣ ಬಹುತೇಕ ಇದೇ. ಮೂರನೆಯದು, ಎತ್ತರದ ಕಪಾಟು, ಡ್ರಾಯರ್ ಪೆಟ್ಟಿಗೆ ಯಾವುದೇ ಇರಲಿ ಗೋಡೆಗೆ ಬಿಗಿಯಲೇಬೇಕು. ಮಕ್ಕಳು ಡ್ರಾಯರ್ ಎಳೆದು ಮೆಟ್ಟಿಲು ಮಾಡಿಕೊಳ್ಳುತ್ತಾರೆ. ಡ್ರಾಯರ್ ಪೆಟ್ಟಿಗೆಗಳು ಮಕ್ಕಳ ಮೇಲೆ ಉರುಳಿ ಸಾವುಗಳಾದ ಮೇಲೆ ಐಕಿಯಾ 2016ರಲ್ಲಿ ಅಮೆರಿಕದಲ್ಲಿ ಸುಮಾರು 2.9 ಕೋಟಿ ಪೆಟ್ಟಿಗೆಗಳನ್ನು ಹಿಂದಕ್ಕೆ ಕರೆದಿತ್ತು.

ಗೋಡೆಯ ತಿರುಪು ಪೆಟ್ಟಿಗೆಯಲ್ಲಿ ಬರುವುದಿಲ್ಲ, ಏಕೆಂದರೆ ಗೋಡೆ ಒಂದೊಂದು ಮನೆಯಲ್ಲಿ ಒಂದೊಂದು ಥರ. ಹೊಸ ಅಪಾರ್ಟ್‌ಮೆಂಟಿನಲ್ಲಿ ಕಾಂಕ್ರೀಟ್ ಗೋಡೆಯೋ, ಸಾಲಿಡ್ ಬ್ಲಾಕೋ, ಹಗುರ ಎಎಸಿ ಬ್ಲಾಕೋ ಎಂದು ಬಿಲ್ಡರ್‌ನ ಸೈಟ್ ಎಂಜಿನಿಯರನ್ನು ಕೇಳಿಕೊಳ್ಳಿ. ಕಾಂಕ್ರೀಟಿಗೆ ಹ್ಯಾಮರ್ ಡ್ರಿಲ್ ಬೇಕೇ ಬೇಕು. ಎಎಸಿಗೆ ಸಾಮಾನ್ಯ ಪ್ಲಾಸ್ಟಿಕ್ ಪ್ಲಗ್ ಹಾಕಿದರೆ ತೂತಿನೊಳಗೇ ಗಿರಗಿರ ತಿರುಗುತ್ತದೆ. ಅದಕ್ಕೆಂದೇ ಇರುವ ಉದ್ದನೆಯ ನೈಲಾನ್ ಪ್ಲಗ್ ಕೇಳಿ ತಂದು, ಹ್ಯಾಮರ್ ಇಲ್ಲದೆ ಬರೀ ತಿರುಗಿಸಿ ಕೊರೆಯಿರಿ.

ವಾರ್ಡ್‌ರೋಬಿನ ಲೆಕ್ಕಕ್ಕೆ ಬರೋಣ. ಐಕಿಯಾದ ಪ್ಯಾಕ್ಸ್ ಚೌಕಟ್ಟು 201 ಮತ್ತು 236 ಸೆಂ.ಮೀ. ಎತ್ತರದಲ್ಲಿ ಬರುತ್ತದೆ. ಏಳಡಿಗೆ ಅಟ್ಟ ಇರುವ ಕೋಣೆಯಲ್ಲಿ 236 ಹಿಡಿಯುವುದಿಲ್ಲ, 201 ಇಟ್ಟರೆ ಮೇಲೆ 12 ಸೆಂ.ಮೀ. ಧೂಳಿನ ಗೂಡು. ಅಟ್ಟವಿಲ್ಲದ ಕೋಣೆಗೆ, ಮುಂದೆ ಮನೆ ಬದಲಿಸುವ ಸಾಧ್ಯತೆ ಇರುವವರಿಗೆ ಪ್ಯಾಕ್ಸ್ ಸರಿ. ಉಳಿದವರಿಗೆ ಬಡಗಿಯಿಂದ ಮಾಡಿಸುವ ಪ್ಲೈವುಡ್ಡಿನದ್ದೇ ವಾಸಿ. ಏಳಡಿ ಎತ್ತರ, ಆರಡಿ ಅಗಲ, ಎರಡಡಿ ಆಳದ ವಾರ್ಡ್‌ರೋಬ್ ತೆಗೆದುಕೊಳ್ಳಿ: ನಿಲುವಿನ ಹಲಗೆ ಮೂರು 42 ಚದರಡಿ, ಮೇಲೆ ಕೆಳಗೆ 24, ಆರು ತಟ್ಟೆ 36, ಬಾಗಿಲು 42. ಒಟ್ಟು 144. ಒಂದು ಶೀಟು 8x4, ಅಂದರೆ 32 ಚದರಡಿ. ವೇಸ್ಟೇಜ್ ಸೇರಿ 18 ಮಿ.ಮೀ.ನ ಐದರಿಂದ ಆರು ಶೀಟು, ಹಿಂಬದಿಗೆ 6 ಮಿ.ಮೀ.ನ ಎರಡು. ಎಂಟು ಹತ್ತು ಶೀಟು ಎಂದು ಯಾರಾದರೂ ಬರೆದುಕೊಟ್ಟರೆ ಕತ್ತರಿಸುವ ನಕ್ಷೆ ಕೇಳಿ.

ಮಲಗುವ ಕೋಣೆಗೆ ಭಾರತೀಯ ಮಾನಕ ಐಎಸ್ 303ರ ಎಂಆರ್ (ತೇವ ತಡೆಯುವ) ದರ್ಜೆಯ ಪ್ಲೈವುಡ್ ಸಾಕು. ಬಚ್ಚಲಿಗೆ ಬೆನ್ನು ಕೊಟ್ಟ ಗೋಡೆಗಾದರೆ, ಅಡುಗೆಮನೆಗಾದರೆ ಐಎಸ್ 710ರ ಬಿಡಬ್ಲ್ಯುಪಿ (ಕುದಿಯುವ ನೀರನ್ನೂ ತಡೆಯುವ) ದರ್ಜೆ ತೆಗೆದುಕೊಳ್ಳಿ; ಆ ದರ್ಜೆಗೆ 72 ಗಂಟೆ ಕುದಿಸಿದರೂ ಪದರ ಬಿಡಬಾರದು ಎಂಬ ನಿಯಮವಿದೆ. ಐಎಸ್ ಸಂಖ್ಯೆಯ ಮುದ್ರೆಯನ್ನು ಪ್ರತಿ ಶೀಟಿನ ಮೇಲೂ ನೋಡಿ, ಕತ್ತರಿಸಿದ ಅಂಚಿನಲ್ಲಿ ಪದರಗಳ ನಡುವೆ ಟೊಳ್ಳು ಇದೆಯೇ ಎಂದೂ ನೋಡಿ. ಬೆಂಗಳೂರಿನಲ್ಲಿ ಪ್ಲೈವುಡ್ ಅಂಗಡಿಗಳಿರುವ ಸಿದ್ದಯ್ಯ ರಸ್ತೆಯಲ್ಲಿ ನಾಲ್ಕು ಕಡೆ ವಿಚಾರಿಸಿದರೆ ದರದ ಅಂದಾಜು ಸಿಗುತ್ತದೆ. ಬಾಗಿಲಿಗೆ ಹೊರಗೆ ಮಾತ್ರ ಲ್ಯಾಮಿನೇಟ್ ಅಂಟಿಸಿ ಒಳಗೆ ಬರೀ ಪೇಂಟ್ ಹೊಡೆದರೆ ಬಾಗಿಲು ಬಾಗುತ್ತದೆ, ಎರಡೂ ಕಡೆ ಅಂಟಿಸಲು ಹೇಳಿ. ಕೂಲಿಯನ್ನು ಮುಂಭಾಗದ ಚದರಡಿಗೆ ಹೇಳುತ್ತಾರೆ. ಅದರಲ್ಲಿ ಸಾಮಾನು ಸೇರಿದೆಯೋ, ಹಿಂಜ್ ಯಾವ ಕಂಪನಿಯದು, ಡ್ರಾಯರ್‌ಗೆ ಬೇರೆ ದರವೋ, ಎಲ್ಲ ಕಾಗದದ ಮೇಲೆ ಬರಲಿ. ಇಷ್ಟಕ್ಕೂ ದುಡ್ಡಿಲ್ಲದಿದ್ದರೆ ಎರಡನೆಯ ಕೋಣೆಗೆ ಒಂದು ಕಬ್ಬಿಣದ ಬೀರು ತನ್ನಿ. ನೋಡಲು ಹಳೆಯ ಕಾಲದ್ದು, ಆದರೆ ಗೆದ್ದಲು ಹತ್ತದು.

ಅಡುಗೆಮನೆಗೆ ಐಕಿಯಾ ಹೊಂದದಿರಲು ಕಾರಣ ಗುಣಮಟ್ಟವಲ್ಲ, ಎತ್ತರ. ಬಿಲ್ಡರ್‌ಗಳು ಗ್ರಾನೈಟ್ ಕಟ್ಟೆಯನ್ನು 32ರಿಂದ 34 ಇಂಚಿಗೆ ಹಾಕಿಕೊಟ್ಟಿರುತ್ತಾರೆ. ಐಕಿಯಾದ ಅಡುಗೆಮನೆ ಕಪಾಟು ಮೆಟೋಡ್‌ನ ಸಾಮಾನ್ಯ ಎತ್ತರ 80 ಸೆಂ.ಮೀ., ಕಾಲು 8. ಸೇರಿ 88, ಅಂದರೆ 34.6 ಇಂಚು. ಕಟ್ಟೆಯ ಕೆಳಗೆ ಹೋಗುವುದಿಲ್ಲ. ಕಟ್ಟೆ ಒಡೆಸಿದರೆ ಒಳ್ಳೆಯ ಕಲ್ಲೂ ಹೋಯಿತು, ಕೂಲಿಯೂ ಬಿತ್ತು. ಇರುವ ಕಟ್ಟೆಯ ಕೆಳಗೆ ಕಡಪ ಕಲ್ಲಿನ ಅಡ್ಡಗೋಡೆಗಳಿದ್ದರೆ ಅವನ್ನೇ ಇಟ್ಟುಕೊಂಡು ಸ್ಟೀಲ್ ಬ್ಯಾಸ್ಕೆಟ್, ಮುಂದೆ ಬಾಗಿಲು ಮಾತ್ರ ಹಾಕಿಸುವುದು ಎಲ್ಲಕ್ಕಿಂತ ಅಗ್ಗ. ಸಿಂಕಿನ ಕೆಳಗೆ ಡಬ್ಲ್ಯುಪಿಸಿ (ಮರದ ಪುಡಿ ಮತ್ತು ಪ್ಲಾಸ್ಟಿಕ್ ಬೆರೆಸಿದ) ಹಲಗೆ ಹಾಕಿಸುವವರು ನೆನಪಿಡಿ: ಅದು ನೀರಿಗೆ ಉಬ್ಬುವುದಿಲ್ಲ, ಆದರೆ ತಿರುಪನ್ನು ಪ್ಲೈವುಡ್ಡಿನಷ್ಟು ಗಟ್ಟಿಯಾಗಿ ಹಿಡಿಯದು. ಉದ್ದನೆಯ ತಟ್ಟೆಗೆ ಬೇಡ. ಹೊಸದಾಗಿ ಕಟ್ಟೆ ಹಾಕಿಸುವ ಅವಕಾಶವಿದ್ದರೆ ಅಡುಗೆ ಮಾಡುವವರ ಮೊಣಕೈಯಿಂದ ನಾಲ್ಕು ಇಂಚು ಕೆಳಗೆ ಅಳತೆ ಇಡಿ.

ದೇವರಿಗೆಂದು ಲ್ಯಾಕ್ ಗೋಡೆತಟ್ಟೆ ಹಾಕಿಸುವವರು ಬಹಳ. ನೋಡಲು ಚೆಂದ. ಮೇಲೊಂದು ಕೆಳಗೊಂದು ತಟ್ಟೆ ಹಾಕಿ ಕೆಳಗಿನದರಲ್ಲಿ ಎಣ್ಣೆ ದೀಪ ಹಚ್ಚಿದರೆ ಮೇಲಿನ ತಟ್ಟೆಯ ಹೊದಿಕೆ ಬಿಸಿಗೆ ಗುಳ್ಳೆ ಏಳುತ್ತದೆ, ಬೆಂಕಿಯ ಅಪಾಯವೂ ಇದೆ. ದೀಪವನ್ನು ನೆಲದ ಮೇಲೆ ಹಿತ್ತಾಳೆ ತಟ್ಟೆಯಲ್ಲೋ ಗ್ರಾನೈಟ್ ತುಂಡಿನ ಮೇಲೋ, ಮೇಲೆ ಏನೂ ಇಲ್ಲದ ಕಡೆ ಇಡಿ.

ಸಾಗಣೆ: ಬಿಲ್ಲಿಯ ಪೆಟ್ಟಿಗೆ ಎರಡು ಮೀಟರಿಗೂ ಉದ್ದ. ಆಟೋಗೆ ಹಿಡಿಯದು, ಸಣ್ಣ ಕಾರಿಗೂ ಕಷ್ಟ, ಮೆಟ್ರೋಗಂತೂ ಬಿಡುವುದಿಲ್ಲ. ನಾಲ್ಕೈದು ದೊಡ್ಡ ಪೆಟ್ಟಿಗೆ ಇದ್ದರೆ ಅಂಗಡಿಯ ಡೆಲಿವರಿ ದರವನ್ನೂ ಬಾಡಿಗೆ ಟಾಟಾ ಏಸ್ ದರವನ್ನೂ ಹೋಲಿಸಿ. ಏಸ್ ಅಗ್ಗವಾದರೂ ಇಳಿಸಿ ಮೇಲೆ ಹೊರುವ ಕೂಲಿ ಬೇರೆ. ಹೊರಡುವ ಮೊದಲು ಅಪಾರ್ಟ್‌ಮೆಂಟಿನ ಸರ್ವಿಸ್ ಲಿಫ್ಟಿನ ಎತ್ತರ ಅಳೆಯಿರಿ, ಸಾಮಾನು ತರಲು ಅಸೋಸಿಯೇಷನ್ ಯಾವ ಹೊತ್ತಿಗೆ ಬಿಡುತ್ತದೆಂದು ಕೇಳಿ. ಪೆಟ್ಟಿಗೆ ಬಂದ ತಕ್ಷಣ ನಾಲ್ಕೂ ಮೂಲೆ ಬಿಚ್ಚಿ ನೋಡಿ. ಪಾರ್ಟಿಕಲ್ ಬೋರ್ಡಿಗೆ ಏಟು ಬೀಳುವುದು ಮೂಲೆಗೇ. ಜಜ್ಜಿದ ಹಲಗೆಯನ್ನು ಜೋಡಿಸುವ ಮೊದಲೇ ಫೋಟೋ ಸಮೇತ ತಿಳಿಸಿ, ಬಿಲ್ಲನ್ನು ಆ ಪೆಟ್ಟಿಗೆಯ ಲೇಬಲ್ ಜೊತೆ ಎತ್ತಿಡಿ.