ತುಂಡು ವಿಡಿಯೋ ಬಂದಾಗ ಪೂರ್ತಿ ಭಾಷಣ: ಯೂಟ್ಯೂಬ್ ಟ್ರಾನ್ಸ್‌ಕ್ರಿಪ್ಟ್ ಎಷ್ಟು ಉಪಯೋಗ?

ಕಾಸರಗೋಡಿನ ಮಂಜೇಶ್ವರ, ಕುಂಬಳೆ, ಬದಿಯಡ್ಕದ ಮನೆಗಳಲ್ಲಿ ಸಂಜೆ ಬೆಂಗಳೂರಿನ ಕನ್ನಡ ವಾರ್ತೆಯೂ ಓಡುತ್ತದೆ, ಮಲಯಾಳ ವಾರ್ತೆಯೂ ಓಡುತ್ತದೆ. ರಾಜಕಾರಣಿಯೊಬ್ಬರು ಬಾಯ್ತಪ್ಪಿದ ದಿನ ಒಂದು ಚಾನೆಲ್ಲಿನಲ್ಲಿ ಅದೇ ಹತ್ತು ಸೆಕೆಂಡು ರಾತ್ರಿಯವರೆಗೆ ತಿರುಗುತ್ತದೆ, ಇನ್ನೊಂದರಲ್ಲಿ ಸುದ್ದಿಯೇ ಇಲ್ಲ. ಯಾರದು ಪಕ್ಷಪಾತ ಎಂದು ಜಗಲಿಯಲ್ಲಿ ಕೂತು ವಾದಿಸುವ ಮೊದಲು ಪೂರ್ತಿ ಭಾಷಣ ನೋಡಬೇಕು. ಅದಕ್ಕೆ ಖರ್ಚಿಲ್ಲದೆ ಸಿಗುವ ಒಳ್ಳೆಯ ಸಾಧನ ಯೂಟ್ಯೂಬಿನ ಟ್ರಾನ್ಸ್‌ಕ್ರಿಪ್ಟ್, ಅಂದರೆ ವಿಡಿಯೋದ ಮಾತಿನ ಬರಹರೂಪ.

ಬಳಸುವುದು ಸುಲಭ ಉಂಟು. ಊರು, ತಾರೀಕು ಹಾಕಿ ಪಕ್ಷದ ಅಧಿಕೃತ ಚಾನೆಲ್ಲಿನ ಪೂರ್ತಿ ವಿಡಿಯೋ ಹುಡುಕಿ. ಶೀರ್ಷಿಕೆಯ ಕೆಳಗಿನ ವಿವರಣೆ ಬಿಡಿಸಿ, ಕೆಳಕ್ಕೆ ಸರಿದು ‘ಶೋ ಟ್ರಾನ್ಸ್‌ಕ್ರಿಪ್ಟ್’ ಒತ್ತಿ. ಮಾತೆಲ್ಲ ಸಾಲುಸಾಲಾಗಿ ಸಮಯದೊಂದಿಗೆ ಬರುತ್ತದೆ. ಕಂಪ್ಯೂಟರಿನಲ್ಲಿ ಕಂಟ್ರೋಲ್-ಎಫ್ ಒತ್ತಿ ಬೇಕಾದ ಪದ ಹುಡುಕಬಹುದು. ಸಾಲಿನ ಮೇಲೆ ಒತ್ತಿದರೆ ವಿಡಿಯೋ ಅಲ್ಲಿಗೇ ಹೋಗುತ್ತದೆ. ಅಲ್ಲಿಂದ ಹಿಂದೆ ಎರಡು ನಿಮಿಷ, ಮುಂದೆ ಎರಡು ನಿಮಿಷ ಕೇಳಲೇಬೇಕು.

ಮುಂದಿನ ಎರಡು ನಿಮಿಷ ಏಕೆಂದರೆ, ಕತ್ತರಿ ಹೆಚ್ಚಾಗಿ ಬೀಳುವುದು ಅಲ್ಲಿಗೇ. 2017ರ ನವೆಂಬರಿನಲ್ಲಿ ಗುಜರಾತಿನ ಪಾಟಣ್‌ನಲ್ಲಿ ರಾಹುಲ್ ಗಾಂಧಿ, ಈ ಕಡೆಯಿಂದ ಆಲೂಗಡ್ಡೆ ಹಾಕಿದರೆ ಆ ಕಡೆಯಿಂದ ಚಿನ್ನ ಬರುವ ಯಂತ್ರದ ಮಾತಾಡಿದರು. ಹರಿದಾಡಿದ ತುಂಡು ಚಿನ್ನ ಬರುವಲ್ಲಿಗೆ ಮುಗಿಯುತ್ತದೆ. ಇವು ನನ್ನ ಮಾತಲ್ಲ, ನರೇಂದ್ರ ಮೋದಿಯವರ ಮಾತು ಎಂದು ಅವರು ಹೇಳಿದ್ದು ಅದರ ನಂತರ. ಮೋದಿ ಹಾಗೆ ಹೇಳಿದ್ದರೇ ಎಂಬುದು ಬೇರೆ ಪ್ರಶ್ನೆ, ಅದನ್ನೂ ಕೇಳಬೇಕಾದದ್ದೇ. ಆದರೆ ತುಂಡು ನೋಡಿದವರಿಗೆ ಆ ಪ್ರಶ್ನೆ ಹುಟ್ಟುವುದೇ ಇಲ್ಲ. 2018ರ ಮಾರ್ಚ್ 27ರಂದು ದಾವಣಗೆರೆಯಲ್ಲಿ ಅಮಿತ್ ಶಾ, ಭ್ರಷ್ಟಾಚಾರದ ಸ್ಪರ್ಧೆ ನಡೆದರೆ ಯಡಿಯೂರಪ್ಪ ಸರಕಾರಕ್ಕೇ ಮೊದಲ ಸ್ಥಾನ ಎಂದುಬಿಟ್ಟರು. ಯಡಿಯೂರಪ್ಪ ಪಕ್ಕದಲ್ಲೇ ಕೂತಿದ್ದರು. ಅದು ನಿಜವಾಗಿ ನಾಲಗೆ ತಪ್ಪಿದ್ದು. ಎಚ್ಚರಿಸಿದ ಕೂಡಲೇ ಸಿದ್ದರಾಮಯ್ಯನವರ ಹೆಸರಿಗೆ ತಿದ್ದಿಕೊಂಡರು. ತಪ್ಪನ್ನು ತೋರಿಸುವುದು ಪಕ್ಷಪಾತವಲ್ಲ. ಒಬ್ಬರ ತಿದ್ದುಪಡಿಯನ್ನು ಉಳಿಸಿ ಇನ್ನೊಬ್ಬರದ್ದನ್ನು ಕತ್ತರಿಸುವುದು ಪಕ್ಷಪಾತ. ಚಾನೆಲ್ ಯಾವುದೇ ಇರಲಿ, ನಾವು ಅಳೆಯಬೇಕಾದದ್ದು ಇದನ್ನೇ.

ಈ ಸಾಧನ ಸೋಲುವ ಜಾಗಗಳೂ ಉಂಟು. ಯಂತ್ರ ಬರೆಯುವ ಸಾಲುಗಳು ಹೆಸರುಗಳಲ್ಲಿ ಎಡವುತ್ತವೆ. ಹಿಂದಿ ಭಾಷಣಕ್ಕೆ ಪಕ್ಕದಲ್ಲೇ ಕನ್ನಡ ಅನುವಾದ ನಡೆಯುತ್ತಿದ್ದರಂತೂ ಎರಡೂ ಕಲಸಿಹೋಗುತ್ತವೆ. ಅಂಥ ಸಭೆಗಳಲ್ಲೇ ಎಚ್ಚರ ಹೆಚ್ಚು ಬೇಕು. ದಾವಣಗೆರೆಯ ಆ ಮಾತಿನ ವಾರವೇ ಚಳ್ಳಕೆರೆಯಲ್ಲಿ ಶಾ ಹಿಂದಿಯಲ್ಲಿ ಸರಿಯಾಗಿಯೇ ಹೇಳಿದ್ದರು. ಮೋದಿ ಬಡವರಿಗೆ, ದಲಿತರಿಗೆ ಏನೂ ಮಾಡುವುದಿಲ್ಲ ಎಂಬಂತಾದದ್ದು ಪ್ರಹ್ಲಾದ ಜೋಶಿಯವರ ಕನ್ನಡ ಅನುವಾದದಲ್ಲಿ. ಇಲ್ಲಿ ಟ್ರಾನ್ಸ್‌ಕ್ರಿಪ್ಟ್ ನಂಬದೆ ವೇಗವನ್ನು 0.75ಕ್ಕೆ ಇಳಿಸಿ ಕಿವಿಯಿಂದಲೇ ಕೇಳಿ. ಕೆಲವು ವಿಡಿಯೋಗಳಲ್ಲಿ ಟ್ರಾನ್ಸ್‌ಕ್ರಿಪ್ಟ್ ಗುಂಡಿಯೇ ಇರುವುದಿಲ್ಲ.

ಮಲಯಾಳ ಗೊತ್ತಿರುವುದು ಕಾಸರಗೋಡಿನವರಿಗೆ ದೊಡ್ಡ ಲಾಭ. 2022ರ ಜುಲೈಯಲ್ಲಿ ಮಲ್ಲಪ್ಪಳ್ಳಿಯ ಭಾಷಣದಲ್ಲಿ ಸಂವಿಧಾನದ ಬಗ್ಗೆ ಆಡಿದ ಮಾತಿಗೆ ಕೇರಳದ ಸಜಿ ಚೆರಿಯಾನ್ ಮಂತ್ರಿಸ್ಥಾನ ಬಿಟ್ಟರು. ಮಾತನ್ನು ತಿರುಚಲಾಗಿದೆ ಎಂದು ಅವರು ಹೇಳಿದ್ದರು. ಕೇಳಿದರೆ ಅದು ಒಂದು ಪದದ ಎಡವಟ್ಟಲ್ಲ, ಹಲವು ವಾಕ್ಯಗಳ ಮಾತು. ಕನ್ನಡ ಅನುವಾದದ ಒಂದು ಸಾಲಿಗೆ ಕಾಯದೆ ಮೂಲದಲ್ಲೇ ಕೇಳಿ ತೀರ್ಮಾನಿಸಬಹುದು.

ಸಂಸತ್ತಿನ ಮಾತಾದರೆ ಸಂಸದ್ ಟಿವಿ ನೋಡಿ. ಲೋಕಸಭಾ ಟಿವಿ, ರಾಜ್ಯಸಭಾ ಟಿವಿ ಸೇರಿ 2021ರ ಸೆಪ್ಟೆಂಬರಿನಲ್ಲಿ ಶುರುವಾದದ್ದು. ಒಂದು ತೊಡಕು: ನೇರಪ್ರಸಾರದಲ್ಲಿ ಕೇಳಿದ ಪದವನ್ನು ಸಭಾಧ್ಯಕ್ಷರು ಕಡತದಿಂದ ತೆಗೆಸಿದರೆ ಮುದ್ರಿತ ನಡಾವಳಿಯಲ್ಲಿ ಅದು ಇರುವುದಿಲ್ಲ. ಹಾಗಾಗಿ ನಡಾವಳಿಯಲ್ಲಿ ಇಲ್ಲ ಎಂದ ಮಾತ್ರಕ್ಕೆ ಚಾನೆಲ್ ಸುಳ್ಳು ಹೇಳಿತು ಎನ್ನಬೇಡಿ.

ಮನೆಯ ವಾಟ್ಸ್ಯಾಪ್ ಗುಂಪಿಗೆ ಕಳಿಸುವಾಗ ತುಂಡು ಮಾಡಿ ಕಳಿಸಬೇಡಿ. ಕಂಪ್ಯೂಟರಿನಲ್ಲಿ ‘ಶೇರ್’ ಒತ್ತಿ, ‘ಸ್ಟಾರ್ಟ್ ಅಟ್’ ಎಂಬಲ್ಲಿ ವಿವಾದದ ಮಾತಿಗಿಂತ ಎರಡು ನಿಮಿಷ ಹಿಂದಿನ ಸಮಯ ಹಾಕಿ ಲಿಂಕ್ ಕಳಿಸಿ.