ಗಿಟ್‌ನ ‘ರೆರೆರೆ’: ನಾಲ್ಕು ವರ್ಷ ಬಳಸಿದ ಮೇಲೆ

ಕೋಡಿನ ಬದಲಾವಣೆಗಳ ಇತಿಹಾಸವನ್ನು ಇಟ್ಟುಕೊಳ್ಳುವ ಗಿಟ್ ತಂತ್ರಾಂಶದಲ್ಲಿ ‘ರೆರೆರೆ’ ಎಂಬ ಸೌಲಭ್ಯವಿದೆ ಎಂದು ನನಗೆ ತಿಳಿದದ್ದು, ಒಂದೇ ಕಾನ್‌ಫ್ಲಿಕ್ಟನ್ನು (ಒಂದೇ ಸಾಲನ್ನು ಇಬ್ಬರು ಬೇರೆ ಬೇರೆ ರೀತಿ ಬದಲಿಸಿದಾಗ ಏಳುವ ತಿಕ್ಕಾಟವನ್ನು) ಒಂದೇ ವಾರದಲ್ಲಿ ಐದನೆಯ ಸಲ ಬಿಡಿಸುತ್ತಾ ಕುಳಿತಿದ್ದಾಗ. ಹಿಂದೆ ಬರೆದಿಟ್ಟುಕೊಂಡ ಪರಿಹಾರವನ್ನು ಮತ್ತೆ ಬಳಸು ಎಂಬರ್ಥದ ಮೂರು ಇಂಗ್ಲಿಷ್ ಪದಗಳ ಮೊದಲಕ್ಷರಗಳನ್ನು ಪೋಣಿಸಿದ ಹೆಸರು ಅದು. ಕನ್ನಡದ ಕಿವಿಗೆ ಮಾತ್ರ ‘ಅರೆರೆ!’ ಎಂದೇ ಕೇಳುತ್ತದೆ. ಗಿಟ್ ಜೊತೆಗೇ ಬಂದರೂ ಅದು ತಾನಾಗಿ ಚಾಲೂ ಆಗಿರುವುದಿಲ್ಲ, ಕಾನ್ಫಿಗ್‌ನಲ್ಲಿ, ಅಂದರೆ ಗಿಟ್‌ನ ಸೆಟ್ಟಿಂಗ್ ಫೈಲಿನಲ್ಲಿ, ಒಂದು ಸಾಲು ಸೇರಿಸಬೇಕು.

ನಮ್ಮ ತಂಡದಲ್ಲಿ ಪುಲ್ ರಿಕ್ವೆಸ್ಟ್ (ನನ್ನ ಬದಲಾವಣೆಗಳನ್ನು ಸೇರಿಸಿಕೊಳ್ಳಿ ಎಂಬ ಕೋರಿಕೆ) ಎರಡು ಮೂರು ವಾರ ಸಹೋದ್ಯೋಗಿಗಳ ರಿವ್ಯೂಗೆ ಕಾಯುವುದು ಮಾಮೂಲು. ಆದ್ದರಿಂದ ಪ್ರತಿ ದಿನ ಬೆಳಿಗ್ಗೆ, ಲೋಟದ ಕಾಫಿ ಆರುವುದರೊಳಗೆ, ಮೇನ್ ಬ್ರ್ಯಾಂಚನ್ನು, ಅಂದರೆ ಕೋಡಿನ ಮುಖ್ಯ ಕವಲನ್ನು, ನನ್ನ ಕವಲಿಗೆ ಮರ್ಜ್ ಮಾಡಿ (ಬೆರೆಸಿ), ಟೆಸ್ಟ್‌ಗಳನ್ನು ಓಡಿಸಿ, ಇತಿಹಾಸ ಗಲೀಜಾಗದಿರಲಿ ಎಂದು ಆ ಮರ್ಜನ್ನು ರೀಸೆಟ್ ಮಾಡಿ ಅಳಿಸಿಬಿಡುತ್ತೇನೆ. ಮೊದಲೆಲ್ಲ ಮರುದಿನ ಅದೇ ಕಾನ್‌ಫ್ಲಿಕ್ಟ್ ಮತ್ತೆ ಎದುರಿಗೆ ನಿಲ್ಲುತ್ತಿತ್ತು. ಈಗ, ಹಿಂದಿನ ಪರಿಹಾರವನ್ನೇ ಬಳಸಿದ್ದೇನೆ ಎಂಬ ಒಂದು ಸಾಲು ಟರ್ಮಿನಲ್‌ನಲ್ಲಿ ಮೂಡುತ್ತದೆ, ಅಷ್ಟೆ. ಆ ಸಾಲನ್ನು ಕಂಡಾಗಿನ ನೆಮ್ಮದಿಗಾಗಿಯೇ ಈ ವಿಮರ್ಶೆ ಬರೆಯಬೇಕೆಂದುಕೊಂಡಿದ್ದೆ.

ಆದರೆ ಕಳೆದ ವರ್ಷ ಬಿಲ್ಲಿಂಗ್ ಕೋಡ್‌ನಲ್ಲಿ ನಡೆದದ್ದನ್ನು ಮುಚ್ಚಿಡುವಂತಿಲ್ಲ. ಒಂದು ಬ್ರ್ಯಾಂಚ್ ತೆರಿಗೆಯನ್ನು ಪೈಸೆಗೆ ಸರಿಹೊಂದಿಸುತ್ತಿತ್ತು, ಇನ್ನೊಂದು ಪೂರ್ಣ ರೂಪಾಯಿಗೆ. ನಿದ್ದೆಗಣ್ಣಿನಲ್ಲಿ ನಾನು ಉಳಿಸಬಾರದ ಸಾಲನ್ನು ಉಳಿಸಿ ಕಮಿಟ್ ಮಾಡಿದೆ (ಇತಿಹಾಸಕ್ಕೆ ಸೇರಿಸಿದೆ), ರೆರೆರೆ ಅದನ್ನು ನಿಷ್ಠೆಯಿಂದ ಬರೆದಿಟ್ಟುಕೊಂಡಿತು. ರಿವ್ಯೂ ಮಾಡಿದವರು ನೋಡಿದ್ದು ನನ್ನ ಬ್ರ್ಯಾಂಚಿನ ಸಾಲುಗಳನ್ನು ಮಾತ್ರ. ಅವರು ಒಪ್ಪಿಗೆ ಕೊಟ್ಟ ಮೇಲೆ ನಾನು ಮಾಡಿದ ಕೊನೆಯ ಮರ್ಜ್‌ನಲ್ಲಿ ಆ ತಪ್ಪು ಯಾರ ಕಣ್ಣಿಗೂ ಬೀಳದೆ ಒಳಗೆ ಸೇರಿತು. ತಪ್ಪು ಗೊತ್ತಾಗಿ ಮರ್ಜನ್ನು ಅಳಿಸಿ ಮತ್ತೆ ಮಾಡಿದರೆ ಅದೇ ತಪ್ಪು ಪುನಃ ಬಂದು ಕೂತಿತು! ಮರ್ಜ್ ಅಳಿಸಿದರೂ ರೆರೆರೆಯ ನೆನಪು ಅಳಿಯುವುದಿಲ್ಲ ಎಂದೂ, ಅದಕ್ಕೆ ‘ರೆರೆರೆ ಫರ್ಗೆಟ್’ ಎಂದು ಫೈಲಿನ ಹೆಸರು ಹಿಡಿದು ಹೇಳಬೇಕೆಂದೂ ಅರಿಯಲು ನನಗೆ ಅರ್ಧ ದಿನ ಹಿಡಿಯಿತು. ಪರಿಹರಿಸಿದ ಫೈಲನ್ನು ತಾನೇ ಸ್ಟೇಜ್ ಮಾಡುವ, ಅಂದರೆ ಕಮಿಟ್‌ಗೆ ಸಿದ್ಧವೆಂದು ಗುರುತಿಸುವ, ‘ಆಟೋಅಪ್‌ಡೇಟ್’ ಆಯ್ಕೆಯನ್ನು ನಾನು ಹಾಕಿಟ್ಟುಕೊಂಡಿದ್ದರಿಂದ, ಆ ಫೈಲನ್ನು ತೆರೆದು ನೋಡುವ ಪ್ರಮೇಯವೇ ಬಂದಿರಲಿಲ್ಲ.

ಈಗ ಆ ಆಯ್ಕೆಯನ್ನು ತೆಗೆದುಹಾಕಿದ್ದೇನೆ. ಪುಶ್ ಮಾಡುವ, ಅಂದರೆ ತಂಡದ ಸರ್ವರಿಗೆ ಕಳುಹಿಸುವ ಮುನ್ನ ‘ಗಿಟ್ ಶೋ’ ಆಜ್ಞೆಗೆ ‘ರೀಮರ್ಜ್ ಡಿಫ್’ ಆಯ್ಕೆ ಸೇರಿಸಿ ಓಡಿಸುತ್ತೇನೆ. 2022ರ ಜನವರಿಯಲ್ಲಿ ಬಂದ 2.35ನೆಯ ಆವೃತ್ತಿಯಿಂದ ಇರುವ ಇದು, ಕಾನ್‌ಫ್ಲಿಕ್ಟ್ ಬಿಡಿಸುವಾಗ ಕೈಯಿಂದ ಏನೇನು ಬದಲಿಸಿದ್ದೇವೆಂದು ತೋರಿಸುತ್ತದೆ. ಅದರ ಫಲಿತಾಂಶವನ್ನು ಪುಲ್ ರಿಕ್ವೆಸ್ಟಿಗೂ ಅಂಟಿಸುವುದರಿಂದ ರಿವ್ಯೂ ಮಾಡುವವರಿಗೂ ಅದು ಕಾಣುತ್ತದೆ.

ಸಣ್ಣ ತಕರಾರುಗಳು ಬೇರೆ ಇವೆ. ಈ ನೆನಪು ನಮ್ಮ ಯಂತ್ರದ ‘ಆರ್‌ಆರ್ ಕ್ಯಾಶ್’ ಫೋಲ್ಡರಿನಲ್ಲಷ್ಟೇ ಇರುತ್ತದೆ, ಪುಶ್ ಮಾಡಿದರೆ ಸಹೋದ್ಯೋಗಿಗಳಿಗೆ ಹೋಗುವುದಿಲ್ಲ. ಬಿಡಿಸಿದ ಕಾನ್‌ಫ್ಲಿಕ್ಟ್‌ಗಳ ದಾಖಲೆಯನ್ನು, ನಾವು ಬದಲಿಸದಿದ್ದರೆ, 60 ದಿನ ಇಟ್ಟುಕೊಂಡು ಗುಡಿಸಿಹಾಕುತ್ತದೆ. ನಾನು ಅದನ್ನು 180 ಮಾಡಿಕೊಂಡಿದ್ದೇನೆ. ಹೊಸ ಲ್ಯಾಪ್‌ಟಾಪ್ ಬಂದಾಗ ಆ ಫೋಲ್ಡರನ್ನು ಪೆನ್‌ಡ್ರೈವಿನಲ್ಲಿ ಹೊತ್ತು ತಂದೆ.